ಅನಿಮಲ್ ಹೌಸ್‌ನಲ್ಲಿ ಪ್ರಾಣಿ ನರಳುತ್ತಿದ್ದರೆ ದೂರು ಎಲ್ಲಿಗೆ, ಹೇಗೆ?

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಜನರೇಟರ್ ಕೈಕೊಟ್ಟರೆ ಪ್ರಯೋಗದ ಪ್ರಾಣಿಗಳ ಕೋಣೆಯಲ್ಲಿ, ಅಂದರೆ ಅನಿಮಲ್ ಹೌಸ್‌ನಲ್ಲಿ, ಮೊದಲು ಕೆಡುವುದು ಗಾಳಿ. ಎಕ್ಸಾಸ್ಟ್ ಫ್ಯಾನ್ ನಿಲ್ಲುತ್ತದೆ. ಕೇಜಿನ ತಳಕ್ಕೆ ಹಾಕಿದ ಭತ್ತದ ಉಮಿ ಮೊದಲೇ ತೇವ ಹೀರಿಕೊಂಡಿರುತ್ತದೆ, ಅದರ ಮೇಲೆ ಇಲಿಗಳ ಮೂತ್ರ. ಅದರಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಬಾಗಿಲು ತೆಗೆದವರ ಕಣ್ಣು ಉರಿಯುತ್ತದೆ, ಅಷ್ಟೇ. ಒಳಗಿರುವ ಇಲಿಯ ಮೂಗು ಮಾತ್ರ ಆ ಉಮಿಗೆ ಒಂದೆರಡು ಅಂಗುಲ ದೂರದಲ್ಲಿ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ಇದನ್ನು ನೋಡಿದ ಎಂಎಸ್ಸಿ ವಿದ್ಯಾರ್ಥಿ ಅಥವಾ ಗುತ್ತಿಗೆಯ ಮೇಲೆ ಕೆಲಸಕ್ಕಿರುವ ಅಟೆಂಡರ್ ಏನು ಮಾಡಬೇಕು? ಪೊಲೀಸ್ ಠಾಣೆಗೆ ಹೋಗಬೇಕೇ, ಪ್ರಿನ್ಸಿಪಾಲರಿಗೆ ಹೇಳಬೇಕೇ, ದೆಹಲಿಗೆ ಬರೆಯಬೇಕೇ? ಸುಮಾರು ಜನ ಇಲ್ಲಿಯೇ ಗೊಂದಲಕ್ಕೆ ಬಿದ್ದು ಸುಮ್ಮನಾಗುತ್ತಾರೆ.

ಶಿವಮೊಗ್ಗ ಜಿಲ್ಲೆಯಲ್ಲಿ ಈ ಪ್ರಶ್ನೆ ದೂರದ್ದೇನಲ್ಲ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಊರೊಳಗೆ ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜಿದೆ, ವೈದ್ಯಕೀಯ ಕಾಲೇಜಿದೆ, ಫಾರ್ಮಸಿ ಕಾಲೇಜುಗಳಿವೆ. ಇವುಗಳ ಹೆಸರು ಹೇಳುವುದು ಯಾರ ಮೇಲೂ ಬೊಟ್ಟು ಮಾಡಲಿಕ್ಕಲ್ಲ. ಸಂಸ್ಥೆ ಯಾವ ಬಗೆಯದು ಎನ್ನುವುದರ ಮೇಲೆ ದೂರಿನ ದಾರಿಯೂ ಸ್ವಲ್ಪ ಬದಲಾಗುತ್ತದೆ, ಅದಕ್ಕೆ. ಇನ್ನು ಪ್ರಾಣಿ ಪ್ರಯೋಗವೇ ಬೇಡ ಎನ್ನುವ ವಾದ ಈ ಲೇಖನದ ವಿಷಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆಹಚ್ಚುವ ಕೆಲಸ ಬಿಳಿ ಇಲಿಗಳಿಲ್ಲದೆ ಆಗುತ್ತಿರಲಿಲ್ಲ. ಅದನ್ನು ಒಪ್ಪಿಕೊಂಡೂ, ಆ ಇಲಿಗೆ ಎಷ್ಟು ನೋವು ಆಗಬೇಕೋ ಅದಕ್ಕಿಂತ ಒಂದಿಷ್ಟೂ ಹೆಚ್ಚಾಗಬಾರದು ಎಂದು ಕೇಳಬಹುದು. ಕಾನೂನು ಕೇಳುವುದೂ ಅದನ್ನೇ.

ಕಾನೂನು ಎಲ್ಲಿ ನಿಂತಿದೆ

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಎಲ್ಲರಿಗೂ ಗೊತ್ತಿರುವುದು 11ನೇ ಕಲಂ: ಹೊಡೆಯುವುದು, ಹಸಿವಿಗೆ ಕೆಡಹುವುದು, ಅತಿಯಾದ ಹೊರೆ ಹೇರುವುದು. ಬೀದಿಯಲ್ಲಿ ನಾಯಿಗೆ ಹೊಡೆದವನ ಮೇಲೆ ಪೊಲೀಸರು ಹಾಕುವುದು ಇದನ್ನೇ. ಆದರೆ ಅದೇ ಕಲಮಿನ 3ನೇ ಉಪಕಲಂ, ನಾಲ್ಕನೇ ಅಧ್ಯಾಯದಲ್ಲಿ ಬರುವ ವಿಷಯಗಳಿಗೆ ಇದು ಅನ್ವಯಿಸುವುದಿಲ್ಲ ಎನ್ನುತ್ತದೆ. ನಾಲ್ಕನೇ ಅಧ್ಯಾಯವೆಂದರೆ ಪ್ರಯೋಗಗಳು, 14ರಿಂದ 20ರವರೆಗಿನ ಕಲಂಗಳು. ಲ್ಯಾಬಿನ ಇಲಿಯ ವಿಷಯ ಹಿಡಿದು ಠಾಣೆಗೆ ಹೋದವರು ಬರಿಗೈಯಲ್ಲಿ ವಾಪಸ್ ಬರುವುದು ಇದರಿಂದ. ಇನ್‌ಸ್ಪೆಕ್ಟರಿಗೆ ಮನಸ್ಸಿಲ್ಲ ಅಂತಲೇ ಅಲ್ಲ, ದಾರಿಯೇ ಬೇರೆ.

ಆ ದಾರಿ ಹೋಗುವುದು ಪ್ರಾಣಿ ಪ್ರಯೋಗಗಳ ನಿಯಂತ್ರಣ, ಮೇಲ್ವಿಚಾರಣೆ ಮಾಡುವ ಸಿಸಿಎಸ್‌ಇಎ ಎಂಬ ಕೇಂದ್ರ ಸಮಿತಿಗೆ. ಮೊದಲು ಇದರ ಹೆಸರು ಸಿಪಿಸಿಎಸ್‌ಇಎ, ಹಳೆಯ ಥೀಸಿಸ್‌ಗಳಲ್ಲಿ ಆ ಹೆಸರೇ ಇರುತ್ತದೆ. ಈಗ ಇದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಅಡಿಯಲ್ಲಿದೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆ, ಮಾರಲು ಸಾಕುವ ಸಂಸ್ಥೆ ಎರಡೂ ಇಲ್ಲಿ ನೋಂದಣಿ ಮಾಡಿಸಬೇಕು ಎಂದು 1998ರ ನಿಯಮಗಳು ಹೇಳುತ್ತವೆ. ನೋಂದಣಿಯಾದ ಪ್ರತಿ ಸಂಸ್ಥೆಯಲ್ಲೂ ಒಂದು ಸಾಂಸ್ಥಿಕ ಪ್ರಾಣಿ ನೈತಿಕತಾ ಸಮಿತಿ ಇರಬೇಕು. ಕಾಲೇಜಿನಲ್ಲಿ ಎಲ್ಲರೂ ಐಎಇಸಿ ಎಂದೇ ಕರೆಯುತ್ತಾರೆ. ಅದರಲ್ಲಿ ಎಂಟು ಮಂದಿ. ಐದು ಜನ ಒಳಗಿನವರು: ಒಬ್ಬ ಜೀವವಿಜ್ಞಾನಿ, ಬೇರೆ ಬೇರೆ ವಿಭಾಗದ ಇಬ್ಬರು ವಿಜ್ಞಾನಿಗಳು, ಪ್ರಾಣಿಗಳ ಆರೈಕೆ ನೋಡುವ ಪಶುವೈದ್ಯರು, ಅನಿಮಲ್ ಹೌಸ್‌ನ ಉಸ್ತುವಾರಿ. ಮೂವರು ಹೊರಗಿನವರು: ಬೇರೆ ಸಂಸ್ಥೆಯ ಒಬ್ಬ ವಿಜ್ಞಾನಿ, ವಿಜ್ಞಾನದ ಹೊರಗಿನ ಒಬ್ಬ ಸಾಮಾಜಿಕ ಸದಸ್ಯರು, ಕೇಂದ್ರ ಸಮಿತಿಯ ಒಬ್ಬ ನಾಮಿನಿ. ದೂರು ಕೊಡುವವರು ನೆನಪಿಡಬೇಕಾದದ್ದು ಈ ಮೂವರನ್ನು. ಒಳಗಿನ ಐವರಲ್ಲಿ ಒಬ್ಬರಾದರೂ ಆ ಪ್ರಾಜೆಕ್ಟಿನ ಗೈಡೋ, ಗೈಡಿನ ಸಹೋದ್ಯೋಗಿಯೋ ಆಗಿರುವ ಸಾಧ್ಯತೆ ಸಣ್ಣ ಕಾಲೇಜುಗಳಲ್ಲಿ ಜಾಸ್ತಿ.

ಇಲಿ, ಚುಂಡಿಲಿ, ಮೊಲ, ಗಿನಿಪಿಗ್‌ನಂಥ ಸಣ್ಣ ಪ್ರಾಣಿಗಳಾದರೆ ಐಎಇಸಿಯೇ ಅನುಮತಿ ಕೊಡಬಹುದು. ನಾಯಿ, ಮಂಗ, ದನ ಮುಂತಾದ ದೊಡ್ಡ ಪ್ರಾಣಿಗಳಾದರೆ ಐಎಇಸಿ ಶಿಫಾರಸು ಮಾಡಿ ದೆಹಲಿಗೆ ಕಳಿಸಬೇಕು. ಮಲೆನಾಡು ಗಿಡ್ಡ ದನದ ಮೇಲೆ ಹೊಸ ಔಷಧದ ಪ್ರಯೋಗ ನಡೆಯುತ್ತಿದ್ದು ಕಾಲೇಜಿನ ಸಮಿತಿಯ ಕಾಗದ ಮಾತ್ರ ತೋರಿಸಿದರೆ ಅದು ಅರ್ಧ ಕಾಗದ. ಕಾಯಿಲೆ ಬಂದ ದನಕ್ಕೆ ಡಾಕ್ಟರು ಚಿಕಿತ್ಸೆ ಕೊಡುವುದು ಪ್ರಯೋಗವಲ್ಲ. ಆದರೆ ಅದೇ ದನದಿಂದ ಥೀಸಿಸ್‌ಗಾಗಿ ವಾರಕ್ಕೊಮ್ಮೆ ರಕ್ತ ತೆಗೆದರೆ ಮಾತು ಬೇರೆ. ನಿಯಮದಲ್ಲಿ ಪ್ರಯೋಗದ ವ್ಯಾಖ್ಯೆ ಬಹಳ ಅಗಲವಾಗಿದೆ: ಜ್ಞಾನ ಗಳಿಸಲು ಪ್ರಾಣಿಯನ್ನು ಬಳಸುವ ಯಾವುದೇ ಕಾರ್ಯಕ್ರಮ ಅದರಲ್ಲಿ ಬರುತ್ತದೆ, ಪ್ರತಿಕಾಯಗಳ ತಯಾರಿಕೆಯೂ ಬರುತ್ತದೆ.

ಶಿಕ್ಷೆಯ ವಿಷಯದಲ್ಲಿ ಭ್ರಮೆ ಬೇಡ. 20ನೇ ಕಲಮಿನಡಿ ದಂಡ ಇನ್ನೂರು ರೂಪಾಯಿವರೆಗೆ, 1960ರ ಇನ್ನೂರು. ಹಲ್ಲಿರುವುದು 19ನೇ ಕಲಮಿಗೆ: ಸಂಸ್ಥೆಯ ವಾದ ಕೇಳಿದ ಮೇಲೆ ಕೇಂದ್ರ ಸಮಿತಿ ಅಲ್ಲಿ ಪ್ರಯೋಗಗಳನ್ನೇ ನಿಲ್ಲಿಸಬಹುದು, ಇಷ್ಟು ಅವಧಿಗೆ ಎಂದೋ, ಅನಿರ್ದಿಷ್ಟವಾಗಿಯೋ, ಇಲ್ಲವೇ ಷರತ್ತು ಹಾಕಿಯೋ. 18ನೇ ಕಲಂ ಒಳಹೊಕ್ಕು ತಪಾಸಣೆ ಮಾಡುವ ಅಧಿಕಾರ ಕೊಡುತ್ತದೆ. ಇಪ್ಪತ್ತು ಪಿಎಚ್‌ಡಿಗಳು ನಡೆಯುತ್ತಿರುವ ವಿಭಾಗಕ್ಕೆ ಇನ್ನೂರು ರೂಪಾಯಿ ಲೆಕ್ಕಕ್ಕಿಲ್ಲ, ಪ್ರಯೋಗ ನಿಂತರೆ ಮಾತ್ರ ಎಲ್ಲರೂ ಎದ್ದು ಕೂರುತ್ತಾರೆ.

ಏನನ್ನು ನೋಡಬೇಕು

ಅನುಮತಿ ಪಡೆದ ಪ್ರಯೋಗದಲ್ಲೂ ಪ್ರಾಣಿಗೆ ಕಾಯಿಲೆ ಬರಿಸುತ್ತಾರೆ, ಕೊನೆಗೆ ಕೊಲ್ಲುತ್ತಾರೆ. ನೋಡಲು ಕಷ್ಟವಾದದ್ದೆಲ್ಲ ಉಲ್ಲಂಘನೆಯಲ್ಲ. ದೂರು ಗಟ್ಟಿಯಾಗುವುದು ಅನುಮತಿಯ ಅರ್ಜಿಯಲ್ಲಿ, ಅಂದರೆ ಫಾರ್ಮ್ ಬಿಯಲ್ಲಿ, ಬರೆದದ್ದಕ್ಕೂ ಕೋಣೆಯಲ್ಲಿ ನಡೆಯುತ್ತಿರುವುದಕ್ಕೂ ವ್ಯತ್ಯಾಸ ತೋರಿಸಿದಾಗ, ಇಲ್ಲವೇ ಸಾಕಣೆಯ ಮಾರ್ಗಸೂಚಿಯ ಅಂಕಿಗಳು ತಪ್ಪಿದಾಗ.

ಅಂಕಿಗಳನ್ನೇ ನೋಡೋಣ. ಕೋಣೆಯ ಉಷ್ಣತೆ 18ರಿಂದ 29 ಡಿಗ್ರಿ, ಆರ್ದ್ರತೆ ಶೇ. 30ರಿಂದ 70. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ಈ ಮಿತಿಯನ್ನು ದಾಟಿರುತ್ತದೆ. ಹಾಗಾಗಿ ಇಲ್ಲಿ ಕಿಟಕಿ ತೆಗೆದಿಟ್ಟರೆ ಸಾಲದು, ತೇವ ತೆಗೆಯುವ ವ್ಯವಸ್ಥೆಯೇ ಬೇಕು. ಗೋಡೆಗೆ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್, ಪಕ್ಕದಲ್ಲಿ ದಿನದ ದಾಖಲೆಯ ಹಾಳೆ ಇರಬೇಕು. ಜುಲೈ ತಿಂಗಳಿಡೀ ಹಾಳೆಯಲ್ಲಿ "65, 65, 65" ಎಂದು ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ ಬರೆದಿದ್ದರೆ ಅದು ಮೀಟರ್ ನೋಡಿ ಬರೆದದ್ದಲ್ಲ. ಮೇವಿನ ಚೀಲವನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ. ಯಕೃತ್ತಿನ ಔಷಧವನ್ನೇ ಪರೀಕ್ಷಿಸುತ್ತಿರುವ ಪ್ರಾಜೆಕ್ಟಾದರೆ ಇಲಿಯೂ ಹೋಯಿತು, ಫಲಿತಾಂಶವೂ ಹೋಯಿತು. ಗೈಡಿಗೆ ವಿಷಯ ಮುಟ್ಟಿಸುವಾಗ ಈ ಎರಡನೆಯ ಮಾತು ಕೆಲವೊಮ್ಮೆ ಮೊದಲನೆಯದಕ್ಕಿಂತ ಬೇಗ ನಾಟುತ್ತದೆ.

ಜಾಗದ ಲೆಕ್ಕ ಇನ್ನೂ ಸುಲಭ, ಒಂದು ಸ್ಕೇಲ್ ಸಾಕು. ಇಲಿಯ ತೂಕ 200 ಗ್ರಾಂವರೆಗೆ ಇದ್ದರೆ ತಲಾ ಸುಮಾರು 148 ಚದರ ಸೆಂಟಿಮೀಟರ್ ನೆಲ, 300 ಗ್ರಾಂವರೆಗೆ 187, 400 ಗ್ರಾಂವರೆಗೆ 258, 500 ಗ್ರಾಂವರೆಗೆ 387. ಕೇಜಿನ ಎತ್ತರ ಕನಿಷ್ಠ 14 ಸೆಂಟಿಮೀಟರ್. 41 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ಕೇಜಿನಲ್ಲಿ 1148 ಚದರ ಸೆಂಟಿಮೀಟರ್ ಸಿಗುತ್ತದೆ. 350 ಗ್ರಾಮಿನ ನಾಲ್ಕು ಇಲಿಗಳಿಗೆ ಅದು ಸಾಕು. ಅವೇ ಇಲಿಗಳು 400 ದಾಟಿದ ದಿನ ಮೂರಕ್ಕೂ ಸಾಲದು, ಎರಡನ್ನೇ ಇಡಬೇಕು. ಮೂರು ತಿಂಗಳ ಪ್ರಯೋಗದಲ್ಲಿ ತಪ್ಪುವುದು ಇಲ್ಲೇ. ಮೊದಲ ದಿನ ಎಲ್ಲ ಸರಿಯಿರುತ್ತದೆ, ಇಲಿ ಬೆಳೆಯುತ್ತದೆ, ಕೇಜಿನ ಸಂಖ್ಯೆ ಬೆಳೆಯುವುದಿಲ್ಲ.

ಇನ್ನು ಪ್ರಾಣಿಯ ಮೈ. ನೋವಿನಲ್ಲಿರುವ ಇಲಿ ಕೂಗುವುದಿಲ್ಲ, ಮುದುರಿಕೊಳ್ಳುತ್ತದೆ. ಬೆನ್ನು ಗೂನಾಗಿ, ರೋಮ ನಿಗುರಿ, ಕಣ್ಣು ಅರೆಮುಚ್ಚಿ, ಕಿವಿ ಹಿಂದಕ್ಕೆ ಮಡಚಿ ಮೂಲೆ ಹಿಡಿದು ಕೂರುತ್ತದೆ. ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಅದು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಅದು. ಆರೋಗ್ಯವಾಗಿರುವ ಇಲಿ ಅದನ್ನು ನೆಕ್ಕಿ ಒರೆಸಿಕೊಳ್ಳುತ್ತದೆ, ಸೊರಗಿದ ಇಲಿ ಬಿಟ್ಟುಬಿಡುತ್ತದೆ. ಜೊತೆಗೆ ಉಸಿರಾಟದಲ್ಲಿ ಗೊರಗೊರ ಕೇಳಿದರೆ ಅಮೋನಿಯಾ ಮತ್ತು ಮೈಕೋಪ್ಲಾಸ್ಮಾ ಸೋಂಕು ಒಟ್ಟಿಗೆ ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಕೂಡಲೇ ಕೂರದಿದ್ದರೆ ನೀರು ಸಾಲುತ್ತಿಲ್ಲ. ಬಾಟಲಿ ತುಂಬಿದ್ದರೂ ನಳಿಗೆ ಕಟ್ಟಿಕೊಂಡಿರಬಹುದು, ತುದಿಯ ಗುಂಡನ್ನು ಬೆರಳಿನಿಂದ ಒತ್ತಿ ನೋಡಿ. ತೂಕ ಶೇ. 20ರಷ್ಟು ಇಳಿದರೆ ಪ್ರಯೋಗವನ್ನು ಅಲ್ಲಿಗೆ ನಿಲ್ಲಿಸಬೇಕು ಎಂದು ಬಹಳಷ್ಟು ಪ್ರಯೋಗಗಳ ಒಪ್ಪಿತ ಯೋಜನೆಗಳಲ್ಲಿ, ಅಂದರೆ ಪ್ರೊಟೊಕಾಲ್‌ಗಳಲ್ಲಿ ಬರೆದಿರುತ್ತದೆ. ಬರೆದವರೇ ತೂಕ ಹಾಕುವುದನ್ನು ಬಿಟ್ಟಿರುತ್ತಾರೆ.

ರಕ್ತ ತೆಗೆಯುವುದಕ್ಕೂ ಮಿತಿಯಿದೆ. ಇಲಿಯ ಮೈಯಲ್ಲಿ ಕೆಜಿಗೆ ಸುಮಾರು 64 ಮಿಲಿ ರಕ್ತ. ಅಂದರೆ 250 ಗ್ರಾಮಿನ ಇಲಿಯಲ್ಲಿ 16 ಮಿಲಿ. ಒಂದು ಸಲಕ್ಕೆ ಅದರ ಹತ್ತನೇ ಒಂದು ಭಾಗ, 1.6 ಮಿಲಿಗಿಂತ ಹೆಚ್ಚು ತೆಗೆಯಬಾರದು, ತೆಗೆದ ಮೇಲೆ ಚೇತರಿಕೆಗೆ ವಾರಗಟ್ಟಲೆ ಬಿಡಬೇಕು. ಶಸ್ತ್ರಚಿಕಿತ್ಸೆಯಾದರೆ ಅರಿವಳಿಕೆಗೆ ಕೀಟಮೈನ್–ಜೈಲಜೀನ್ ಕೊಟ್ಟ ಮೇಲೆ ಕಾಲ್ಬೆರಳನ್ನು ಚಿವುಟಿದಾಗ ಕಾಲು ಎಳೆದುಕೊಂಡರೆ ಕೊಯ್ಯಲು ಇನ್ನೂ ಹೊತ್ತಾಗಿಲ್ಲ ಎಂದರ್ಥ. ಈ ಔಷಧದಲ್ಲಿ ಕಣ್ಣು ತೆರೆದೇ ಇರುತ್ತದೆ, ಮುಲಾಮು ಹಚ್ಚದಿದ್ದರೆ ಒಣಗುತ್ತದೆ. ಮೈ ತಣ್ಣಗಾಗುತ್ತದೆ, ಬಿಸಿ ಕೊಡದಿದ್ದರೆ ಡಿಸೆಂಬರ್ ರಾತ್ರಿಯಲ್ಲಿ ಏಳುವುದೇ ಇಲ್ಲ. ಮರುದಿನಕ್ಕೆ ನೋವು ನಿವಾರಕ ಕೊಡುತ್ತೇವೆ ಎಂದು ಅರ್ಜಿಯಲ್ಲಿ ಬರೆದು ಸ್ಟೋರಿನಲ್ಲಿ ಆ ಔಷಧದ ಬಾಟಲಿಯೇ ಇಲ್ಲದಿರುವುದು ಅತಿ ಸಾಮಾನ್ಯವಾದ ಲೋಪ, ಸಾಬೀತುಪಡಿಸಲು ಅತಿ ಸುಲಭವಾದದ್ದೂ ಹೌದು.

ಪ್ರಾಣಿಶಾಸ್ತ್ರದ ಡಿಗ್ರಿ ತರಗತಿಯಲ್ಲಿ ಕಪ್ಪೆ ಕೊಯ್ಯಿಸುತ್ತಿದ್ದರೆ ಅದಕ್ಕೆ ಇಷ್ಟೆಲ್ಲ ಲೆಕ್ಕ ಬೇಡ. ತರಗತಿಯಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಲು ಹೇಳುವ ಯುಜಿಸಿಯ 2011ರ ಮಾರ್ಗಸೂಚಿ ಮತ್ತು 2014ರ ಅಧಿಸೂಚನೆಯನ್ನು ಉಲ್ಲೇಖಿಸಿ ಕುಲಸಚಿವರಿಗೆ ಒಂದು ಪತ್ರ ಬರೆದರಾಯಿತು.

ಮೊದಲ ಗಂಟೆ, ಮೊದಲ ವಾರ

ಪ್ರಾಣಿ ಈಗಲೇ ನರಳುತ್ತಿದ್ದರೆ ದೂರಿನ ಮಾತು ಆಮೇಲೆ. ಅನಿಮಲ್ ಹೌಸ್‌ನ ಪಶುವೈದ್ಯರಿಗೆ ಫೋನ್ ಮಾಡಿ, ಉತ್ತರ ಬಂದರೂ ಬಾರದಿದ್ದರೂ ಅದೇ ವಿಷಯವನ್ನು ಮೆಸೇಜಿನಲ್ಲಿ ಬರೆದು ಕಳಿಸಿ. ಮೆಸೇಜಿನ ಹೊತ್ತು ಮುಂದೆ ಕೆಲಸಕ್ಕೆ ಬರುತ್ತದೆ. ನೀವೇ ಚುಚ್ಚುಮದ್ದು ಕೊಡಲು, ಕೊಲ್ಲಲು, ಮನೆಗೆ ಒಯ್ಯಲು ಹೋಗಬೇಡಿ. ಸೋಂಕು ಹಾಕಿದ ಪ್ರಾಣಿಯನ್ನು "ಬಿಡುಗಡೆ" ಮಾಡಿದರೆ ಅದೂ ಸಾಯುತ್ತದೆ, ಊರಿಗೂ ಅಪಾಯ, ಕೇಸು ಬೀಳುವುದು ನಿಮ್ಮ ಮೇಲೆ.

ಎರಡನೆಯದು ಕೇಜ್ ಕಾರ್ಡ್. ಪ್ರತಿ ಕೇಜಿನ ಮುಂದೆ ಪ್ರೊಟೊಕಾಲ್ ಸಂಖ್ಯೆ, ಸಂಶೋಧಕರ ಹೆಸರು, ತಳಿ, ಲಿಂಗ, ಎಷ್ಟು ಪ್ರಾಣಿ, ಯಾವತ್ತು ಶುರು ಎಂದು ಬರೆದ ಚೀಟಿ ಇರಬೇಕು. ಪ್ರೊಟೊಕಾಲ್ ಸಂಖ್ಯೆಯಿಲ್ಲದ ದೂರು ವಿಳಾಸವಿಲ್ಲದ ಕಾಗದ. ಅದನ್ನು ಬರೆದುಕೊಳ್ಳಿ. ಕಾರ್ಡೇ ಇಲ್ಲವೆಂದರೆ ಅದೇ ದೂರಿನ ಮೊದಲ ಸಾಲು. ನಿಮ್ಮ ಕೆಲಸದ ಭಾಗವಾಗಿ ನೀವು ಹೋಗಬಹುದಾದ ಕೋಣೆಯಲ್ಲಿ ನೀವೇ ನೋಡಿದ್ದನ್ನಷ್ಟೇ ದಾಖಲಿಸಿ. ಬೀಗ ಮುರಿದೋ, ಬೇರೆಯವರ ಲ್ಯಾಬ್ ಪುಸ್ತಕದ ಫೋಟೊ ತೆಗೆದೋ ತಂದ ಸಾಕ್ಷ್ಯದಿಂದ ಚರ್ಚೆ ಇಲಿಯನ್ನು ಬಿಟ್ಟು ನಿಮ್ಮ ಕಡೆ ತಿರುಗುತ್ತದೆ.

ಆಮೇಲೆ ಪತ್ರ. "ಇಲ್ಲಿ ಪ್ರಾಣಿಗಳಿಗೆ ಚಿತ್ರಹಿಂಸೆ ಕೊಡುತ್ತಿದ್ದಾರೆ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂಬ ಪತ್ರಕ್ಕೆ "ಪರಿಶೀಲಿಸಲಾಗಿದೆ, ಅಂಥದ್ದೇನೂ ಕಂಡುಬಂದಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆದು ನೋಡಿ:

"ದಿನಾಂಕ 14ರ ಸೋಮವಾರ ಬೆಳಿಗ್ಗೆ 9.20ಕ್ಕೆ ಕೋಣೆ 2ರ ಕೇಜ್ 7ರಲ್ಲಿ (ಕಾರ್ಡಿನಲ್ಲಿರುವ ಪ್ರೊಟೊಕಾಲ್ ಸಂಖ್ಯೆ ಇಂಥದ್ದು) ಐದು ಇಲಿಗಳಿದ್ದವು. ಕಾರ್ಡಿನಲ್ಲಿ ನಾಲ್ಕು ಎಂದಿದೆ. ಎರಡರ ಹೊಟ್ಟೆಯ ಹೊಲಿಗೆ ಬಿಚ್ಚಿತ್ತು. ಉಮಿ ಒದ್ದೆಯಾಗಿತ್ತು, ಹಾಸು ಬದಲಿಸಿದ ದಾಖಲೆಯಲ್ಲಿ ಕೊನೆಯ ಸಹಿ 8ನೇ ತಾರೀಕಿನದು. 9.35ಕ್ಕೆ ಪಶುವೈದ್ಯರಿಗೆ ತಿಳಿಸಿದೆ. 16ರಂದು ಮತ್ತೆ ನೋಡಿದಾಗ ಒಂದು ಇಲಿ ಸತ್ತಿತ್ತು. ಈ ಪ್ರೊಟೊಕಾಲಿನಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಗೆ ಯಾವ ವಿಧಾನಕ್ಕೆ ಅನುಮತಿಯಿದೆ, ಅದನ್ನು ಪಾಲಿಸಲಾಗಿದೆಯೇ ಎಂದು ಸಮಿತಿ ಪರಿಶೀಲಿಸಬೇಕಾಗಿ ಕೋರಿಕೆ."

ಇದರಲ್ಲಿ ಕ್ರೌರ್ಯ ಎಂಬ ಪದವಿಲ್ಲ, ಯಾರ ಹೆಸರೂ ಇಲ್ಲ. ಆದರೆ ಇದಕ್ಕೆ ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಕೇಜ್ 7ರ ಕಾಗದ ತೆಗೆಯಲೇಬೇಕು.

ಪತ್ರ ಐಎಇಸಿ ಅಧ್ಯಕ್ಷರಿಗೆ, ಅದರ ಒಂದು ಪ್ರತಿ ಕೇಂದ್ರ ಸಮಿತಿಯ ನಾಮಿನಿಗೆ. ಕೈಯಲ್ಲಿ ಕೊಡುವುದಾದರೆ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ಅಧ್ಯಕ್ಷರೇ ಆ ಪ್ರಾಜೆಕ್ಟಿನಲ್ಲಿದ್ದರೆ, ಸಂಸ್ಥೆಗೆ ನೋಂದಣಿಯೇ ಇಲ್ಲದಿದ್ದರೆ, ಅಥವಾ ದೊಡ್ಡ ಪ್ರಾಣಿಯ ಪ್ರಯೋಗಕ್ಕೆ ದೆಹಲಿಯ ಅನುಮತಿಯಿಲ್ಲ ಎಂದು ಕಂಡರೆ ಕಾಲೇಜಿನಲ್ಲಿ ಹೊತ್ತು ಕಳೆಯದೆ ನೇರವಾಗಿ ಕೇಂದ್ರ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಬರೆಯಿರಿ. ಹೆಸರಿಲ್ಲದ ಅರ್ಜಿಯನ್ನು ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬದಿಗಿಡುತ್ತವೆ. ಹೆಸರು ಹಾಕಿ, ಗುಪ್ತವಾಗಿಡಬೇಕೆಂದು ಪತ್ರದ ಮೇಲ್ಭಾಗದಲ್ಲೇ ಕೇಳಿಕೊಳ್ಳುವುದು ವಾಸಿ.

ಕಾಗದ ಹೊರತೆಗೆಯುವುದು

ಅನಿಮಲ್ ಹೌಸ್ ಒಳಗೆ ಹೋಗದವರೂ ಮಾಡಬಹುದಾದ ಕೆಲಸವೊಂದಿದೆ. ಪಶುವೈದ್ಯಕೀಯ, ಕೃಷಿ ಥೀಸಿಸ್‌ಗಳು ಕೃಷಿಕೋಶದಲ್ಲಿ, ಉಳಿದ ವಿಶ್ವವಿದ್ಯಾಲಯಗಳವು ಶೋಧಗಂಗಾದಲ್ಲಿ ಸಿಗುತ್ತವೆ, ಎರಡೂ ಆನ್‌ಲೈನ್ ಥೀಸಿಸ್ ಭಂಡಾರಗಳು. ವಿಧಾನದ ಅಧ್ಯಾಯದಲ್ಲಿ ಎಷ್ಟು ಗುಂಪು, ಗುಂಪಿಗೆ ಎಷ್ಟು ಪ್ರಾಣಿ, ಐಎಇಸಿ ಸಂಖ್ಯೆ ಏನು ಎಂದು ನೋಡಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಆ ಸಂಖ್ಯೆಯ ಅನುಮತಿ ಪತ್ರ, ಸಭೆಯ ನಡಾವಳಿ ಮತ್ತು ಫಾರ್ಮ್ ಡಿ ಕೇಳಿ. ತಂದ ಪ್ರಾಣಿಗಳೆಷ್ಟು, ಬಳಸಿದ್ದೆಷ್ಟು ಎಂಬ ಲೆಕ್ಕ ಇರುವುದು ಫಾರ್ಮ್ ಡಿಯಲ್ಲಿ. ಥೀಸಿಸ್‌ನಲ್ಲಿ 48, ಅನುಮತಿಯಲ್ಲಿ 36 ಎಂದಿದ್ದರೆ ಹನ್ನೆರಡು ಪ್ರಾಣಿ ಎಲ್ಲಿಂದ ಬಂದವು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ ಹತ್ತು ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಅರ್ಜಿಯಲ್ಲಿ "ಏಕೆ" ಎಂದು ಕೇಳಬೇಡಿ, ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ. ಖಾಸಗಿ ಫಾರ್ಮಸಿ ಕಾಲೇಜು ತನಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನಬಹುದು. ಆಗ ಕೇಂದ್ರ ಸಮಿತಿಗೇ ಅರ್ಜಿ ಹಾಕಿ, ಆ ಕಾಲೇಜಿನ ನೋಂದಣಿಯ ಕಾಗದ ಅಲ್ಲಿರುತ್ತದೆ.

ಕಾಡಿನಲ್ಲಿ ನಡೆಯುವ ಸಂಶೋಧನೆ

ಪಶ್ಚಿಮಘಟ್ಟದಲ್ಲಿ ಕೋಣೆಯೊಳಗಿನ ಸಂಶೋಧನೆಗಿಂತ ಹೊರಗಿನದಕ್ಕೆ ಕಣ್ಗಾವಲು ಕಡಿಮೆ. ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯನ್ನು ಸಂಶೋಧನೆಗೆ ಹಿಡಿಯಬೇಕಾದರೆ 12ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಐಎಇಸಿ ಅನುಮತಿ ಅದಕ್ಕೆ ಬದಲಿಯಲ್ಲ. ಇಲಿ ಹಿಡಿಯುವ ಪೆಟ್ಟಿಗೆ ಬೋನುಗಳನ್ನು ಸಂಜೆ ಇಟ್ಟು ಬೆಳಕು ಹರಿಯುತ್ತಲೇ ನೋಡಬೇಕು, ಒಳಗೆ ಮೇವು ಮತ್ತು ಒಣ ಹತ್ತಿ ಇರಬೇಕು. ಮಳೆಯ ರಾತ್ರಿ ಲೋಹದ ಬೋನಿನಲ್ಲಿ ಒದ್ದೆಯಾದ ಪ್ರಾಣಿ ಚಳಿಗೇ ಸಾಯುತ್ತದೆ. ಮೂಗಿಲಿ ಬಿದ್ದರಂತೂ ಕೆಲವೇ ಗಂಟೆಯ ಹಸಿವು ಅದಕ್ಕೆ ಸಾಕು. ಕಪ್ಪೆಗಳನ್ನು ಮುಟ್ಟುವವರು ಪ್ರತಿ ಕಪ್ಪೆಗೂ ಕೈಗವಸು ಬದಲಿಸಬೇಕು, ಇಲ್ಲವಾದರೆ ಚರ್ಮದ ಶಿಲೀಂಧ್ರ ಒಂದು ಹಳ್ಳದಿಂದ ಇನ್ನೊಂದಕ್ಕೆ ದಾಟುತ್ತದೆ. ಗುರುತಿಗೆಂದು ಕಾಲ್ಬೆರಳು ಕತ್ತರಿಸುತ್ತಿದ್ದರೆ, ಮೈಮೇಲಿನ ಗುರುತುಗಳ ಫೋಟೊ ಏಕೆ ಸಾಲದು ಎಂದು ಸಮಿತಿಯನ್ನು ಕೇಳಬಹುದು. ಇಂಥಲ್ಲಿ ಪತ್ರದ ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೂ ಹೋಗಲಿ. ಕೊಟ್ಟಿಗೆಯ ದನದಿಂದ ಮಾದರಿ ತೆಗೆಯಲು ಬಂದವರಿಂದ ಪ್ರಾಜೆಕ್ಟಿನ ಹೆಸರು, ಎಷ್ಟು ರಕ್ತ, ಎಷ್ಟು ಸಲ ಎಂದು ಬರೆದ ಕನ್ನಡದ ಕಾಗದ ಕೇಳಿ ಪಡೆಯುವುದರಲ್ಲಿ ಮಾಲೀಕರಿಗೆ ಸಂಕೋಚ ಬೇಡ.

ದೂರು ಕೊಟ್ಟವರ ಗತಿ

ಗೈಡ್ ಸಹಿ ಹಾಕದಿದ್ದರೆ ಥೀಸಿಸ್ ಇಲ್ಲ, ಏಜೆನ್ಸಿ ನವೀಕರಿಸದಿದ್ದರೆ ಕೆಲಸವಿಲ್ಲ. ಈ ಭಯ ಸುಳ್ಳಲ್ಲ. ದೂರುದಾರರ ರಕ್ಷಣೆಗೆಂದು 2014ರಲ್ಲಿ ಆದ ಕಾಯ್ದೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ: ಸಂಸತ್ತು ಒಪ್ಪಿದರೂ ಅದು ಜಾರಿಗೆ ಬಂದಿಲ್ಲ. ವಿದ್ಯಾರ್ಥಿಗಳಿಗೆ ಇರುವ ಆಸರೆ ಯುಜಿಸಿಯ 2023ರ ಕುಂದುಕೊರತೆ ನಿವಾರಣಾ ನಿಯಮಗಳು. ದೂರಿನ ನಂತರ ಸ್ಟೈಪೆಂಡ್ ತಡೆದರೆ, ಲ್ಯಾಬ್ ಪ್ರವೇಶ ನಿಲ್ಲಿಸಿದರೆ ಅದನ್ನು ಬೇರೆಯೇ ದೂರಾಗಿ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಕೊಡಬೇಕು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ 15 ದಿನದಲ್ಲಿ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಪ್ರಾಣಿಯ ವಿಷಯ "ವೈಯಕ್ತಿಕ ವೈಮನಸ್ಯ" ಎಂಬ ಷರಾದೊಂದಿಗೆ ಮುಚ್ಚಿಹೋಗುತ್ತದೆ. ಅಟೆಂಡರ್‌ಗಳ ಸ್ಥಿತಿ ಇನ್ನೂ ನಾಜೂಕು. ಅವರು ನೋಡಿದ್ದನ್ನು ಸಮಿತಿಯ ಪಶುವೈದ್ಯರೋ ಹೊರಗಿನ ಸದಸ್ಯರೋ ತಮ್ಮ ತಪಾಸಣೆಯಲ್ಲಿ ತಾವೇ ಕಂಡಂತೆ ದಾಖಲಿಸುವುದು ಎಷ್ಟೋ ಕಡೆ ನಡೆಯುತ್ತದೆ, ನಡೆಯಬೇಕಾದದ್ದೂ ಹಾಗೆಯೇ.

ಸಂಶೋಧನೆ ಆಗಲೇ ಪ್ರಕಟವಾಗಿಬಿಟ್ಟಿದ್ದರೆ ಜರ್ನಲ್ಲಿನ ಸಂಪಾದಕರಿಗೆ ಬರೆಯುವ ದಾರಿಯೂ ಉಂಟು. ಪ್ರಬಂಧದಲ್ಲಿ ಕೊಟ್ಟ ಐಎಇಸಿ ಸಂಖ್ಯೆ, ಮಾಹಿತಿ ಹಕ್ಕಿನಲ್ಲಿ ಬಂದ ಪ್ರತಿ ಎರಡನ್ನೂ ಲಗತ್ತಿಸಿ, ಇವು ಹೊಂದುತ್ತಿಲ್ಲ ಎಂದಷ್ಟೇ ಬರೆಯಬೇಕು. ಅನುಮತಿಯ ದಿನಾಂಕ ಪ್ರಯೋಗ ಮುಗಿದ ಮೇಲಿನದಾಗಿದ್ದರೆ ಅದನ್ನು ಮೊದಲು ಹೇಳಿ. ಪ್ರಾಣಿಗಳ ಸಂಖ್ಯೆಯ ವ್ಯತ್ಯಾಸಕ್ಕೆ ಲೇಖಕರು ಏನಾದರೊಂದು ಸಮಜಾಯಿಷಿ ಕೊಟ್ಟಾರು, ದಿನಾಂಕಕ್ಕೆ ಕೊಡುವುದು ಕಷ್ಟ.